ಹೊಳೆನೀರಿನ ಚೊಂಬು

ವಲಸೆಯ ನೂರಾ ಇಪ್ಪತ್ತೆಂಟನೆಯ ವರ್ಷ, ಆಯುಧ ಪೂಜೆಯ ಹಿಂದಿನ ದಿನ
(ನಿಮ್ಮ ಲೆಕ್ಕದಲ್ಲಿ 2209)
ಹೊಸ ಮಾನ್ವಿ, ಹಿಮಾಲಯದ ಆಚೆಯ ಬಯಲು

ಮಾನ್ವಿಯ ನೀಲಮ್ಮಜ್ಜಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಹಂಪಮ್ಮ ಮಾಡುವ ಶರಣು.

ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನಿಮಗೆ ಚಳಿ ಎಂದರೆ ಮುಂಜಾನೆ ಹೊದೆಯುವ ಒಂದು ಶಾಲು. ನಮಗೆ ವರ್ಷದಲ್ಲಿ ಏಳು ತಿಂಗಳು ಅದೇ ಬದುಕು, ಆದ್ದರಿಂದ ನಿಮ್ಮಲ್ಲಿಲ್ಲದ ಕೆಲವು ಮಾತುಗಳನ್ನು ನಾವು ಕಟ್ಟಿಕೊಳ್ಳಬೇಕಾಯಿತು. ಈ ಪತ್ರವನ್ನು ನಿಮ್ಮ ಕಾಲಕ್ಕೆ ಹೇಗೆ ಕಳಿಸುತ್ತೇನೆ ಎಂದು ವಿವರಿಸಿದರೂ ನೀವು ನಂಬಲಿಕ್ಕಿಲ್ಲ, ಅದನ್ನು ಬಿಡಿ. ನಾನು ಬರೆಯುತ್ತಿರುವುದು ನಿಮ್ಮ ಮೇಲಿನ ಸಿಟ್ಟಿನಿಂದ. ಅರ್ಧ ಸಿಟ್ಟು ನನ್ನ ಮೇಲೆಯೇ ಇದೆ, ಅದನ್ನೂ ಹೇಳುತ್ತೇನೆ.

ನಿಮ್ಮ ಜೀಪಿನ ಕಥೆ ನಮ್ಮ ಮನೆಯಲ್ಲಿ ಇನ್ನೂ ಇದೆ. ಬಿಸಿಲಿಗೆ ರೇಡಿಯೇಟರ್ ಕುದಿದು ಅದು ರಾಯಚೂರಿನ ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿತ್ತಂತೆ. ಒಂದು ಆಯುಧ ಪೂಜೆಯ ದಿನ ನೀವು ತುಂಗಭದ್ರೆಯಿಂದ ಒಂದು ಚೊಂಬು ನೀರು ತಂದು ಅದಕ್ಕೆ ಎರೆದಿರಂತೆ, ಆ ವರ್ಷವೆಲ್ಲ ಜೀಪು ಎಲ್ಲೂ ಕೈಕೊಡಲಿಲ್ಲವಂತೆ. ಕುದಿಯುವ ಗಾಡಿಗೆ ನೀರು ಹಾಕಿದರೆ ಅದು ಓಡದೆ ಏನು ಮಾಡೀತು? ಆದರೆ ನಿಮ್ಮ ಮಕ್ಕಳು ಅದನ್ನು ಪೂಜೆ ಮಾಡಿಕೊಂಡರು. ಬಿಸಿಲು ತಾಳಲಾರದೆ ಊರಿಗೆ ಊರೇ ಇಲ್ಲಿಗೆ ಎದ್ದು ಬಂದಾಗ, ಪಾತ್ರೆಪಗಡದ ಜೊತೆ ಈ ಪದ್ಧತಿಯನ್ನೂ ಹೊತ್ತು ತಂದರು. ಇಲ್ಲಿ ಎರೆಯುವುದು ಬುಗ್ಗೆಯ ನೀರು, ಹೆಸರು ಮಾತ್ರ ಹೊಳೆನೀರು. ಎರೆಯುವ ಹಕ್ಕು ಮನೆಯ ಹಿರಿಯ ಹೆಣ್ಣುಮಗಳದು. ಅವಳು ಎರೆಯುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ಕೈಮುಗಿದು ನಿಲ್ಲಬೇಕು. ಎರೆಯಬೇಕಾದದ್ದು ಒಂದೇ ಚಮಚ.

ನಮ್ಮ ಗಾಡಿಗಳು ಬ್ಯಾಟರಿಯ ಮೇಲೆ ಓಡುತ್ತವೆ. ಅವುಗಳನ್ನು ಚಳಿಗೆ ಸಿದ್ಧ ಮಾಡುವ ಹದಿನೈದು ದಿನದ ಕೆಲಸಕ್ಕೆ ಚಳಿಗಾಪು ಎನ್ನುತ್ತೇವೆ. ಬೇಸಿಗೆಯ ಟೈರು ಬಿಚ್ಚಿ ಮೆತ್ತನೆಯ ರಬ್ಬರಿನವನ್ನು ಹಾಕಿ, ಹಲ್ಲು ಸವೆದಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ. ಹಿಂದಿನ ಡಿಕ್ಕಿಯಲ್ಲಿ ಸರಪಳಿ, ಸಲಿಕೆ, ಒಂದು ಚೀಲ ಮರಳು, ಎರಡು ಕಂಬಳಿ, ಹತ್ತು ದಿನ ಕೆಡದ ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಡಬೇಕು. ಘಾಟಿಯ ಮೇಲೆ ಕರಿಗಾಜು ಇರುತ್ತದೆ, ಎಂದರೆ ರಸ್ತೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕಟ್ಟಿದ ಮಂಜುಗಡ್ಡೆ. ಅಲ್ಲಿ ಬ್ರೇಕು ಒತ್ತಿದವನು ಕೆಟ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ಹಸಿರೆಣ್ಣೆ. ಹೆಸರಿಗೆ ಎಣ್ಣೆ, ನಿಜಕ್ಕೆ ಎಂಥ ಚಳಿಯಲ್ಲೂ ಹೆಪ್ಪುಗಟ್ಟದ ಹಸಿರು ದ್ರವ. ಅದು ನಾಳಗಳಲ್ಲಿ ಸುತ್ತುತ್ತ ಬ್ಯಾಟರಿಯನ್ನೂ ಒಳಗೆ ಕುಳಿತವರನ್ನೂ ಬೆಚ್ಚಗಿಡುತ್ತದೆ. ಅದಕ್ಕೆ ನೀರು ಹೆಚ್ಚು ಬೆರೆತರೆ ಗಟ್ಟಿಯಾಗಿ ನಾಳ ಸೀಳುತ್ತದೆ, ಗಾಡಿ ಸಾಯುತ್ತದೆ, ಸ್ವಲ್ಪ ಹೊತ್ತಿಗೆ ಒಳಗಿದ್ದವರೂ ಸಾಯುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನಾವು ವರ್ಷಕ್ಕೊಮ್ಮೆ ಅದಕ್ಕೆ ನೀರು ಎರೆಯುತ್ತೇವೆ. ಅಪ್ಪ ಹಾಕಿದ ಆಲದ ಮರಕ್ಕೆ ನೇಣು ಹಾಕಿಕೊಳ್ಳುವುದು ಎಂದರೆ ಇದೇ.

ಈಗ ನನ್ನ ತಮ್ಮ ಅಯ್ಯಣ್ಣನ ಮಾತಿಗೆ ಬರುತ್ತೇನೆ. ಹನ್ನೆರಡು ವರ್ಷದ ಹಿಂದಿನ ಆಯುಧ ಪೂಜೆ. ಅವನು ಹಳೆಯ ಹಸಿರೆಣ್ಣೆ ಬಸಿದು ಹೊಸದನ್ನು ಅರ್ಧ ತುಂಬಿದ್ದ, ಉಳಿದದ್ದನ್ನು ಪೂಜೆಯಾದ ಮೇಲೆ ಹಾಕುವವನಿದ್ದ. ಆ ಚಳಿಗಾಲ ಅವನು ಆಚೆ ಕಣಿವೆಯ ಆಸ್ಪತ್ರೆಗೆ ಔಷಧಿ ಒಯ್ಯಬೇಕಿತ್ತು. ನನಗೆ ಎದೆಯೊಳಗೆ ಅಳುಕು. ಒಂದು ಚಮಚ ಎಲ್ಲಿ ಸಾಲುತ್ತದೆ ಎನಿಸಿತು. ಎಲ್ಲರೂ ಬೆನ್ನು ತಿರುಗಿಸಿದ್ದಾಗ ಚೊಂಬು ಬಗ್ಗಿಸಿದೆ. ಸದ್ದು ಕೇಳಿ ಅವನು ತಿರುಗದೆಯೇ "ಸಾಕು ಬಿಡಕ್ಕ" ಎಂದ. "ಸಾಕು ಅನಬ್ಯಾಡ, ದಾರಿ ದೂರ ಐತಿ" ಎಂದು ಪೂರ್ತಿ ಸುರಿದು, ಇನ್ನೊಂದು ಚೊಂಬನ್ನೂ ಸುರಿದೆ. ಬಣ್ಣ ಹಸಿರಾಗಿಯೇ ಇತ್ತು. ಮರುದಿನ ಹಸಿರೆಣ್ಣೆಯ ತೊಟ್ಟಿ ತುಂಬಿದ್ದನ್ನು ನೋಡಿ, ಅಕ್ಕ ಹಾಕಿದ್ದು ಎರಡು ಚಮಚ, ಉಳಿದದ್ದನ್ನು ತಾನೇ ತುಂಬಿಸಿದ್ದೆನೇನೋ ಎಂದುಕೊಂಡು ಅವನು ಮುಚ್ಚಳ ಹಾಕಿರಬೇಕು.

ಪುಷ್ಯ ಮಾಸದಲ್ಲಿ ಗಾಡಿ ಘಾಟಿಯ ಮೇಲೆ ಸಿಕ್ಕಿತು. ಅವನು ಒಳಗೆ ಎರಡೂ ಕಂಬಳಿ ಹೊದ್ದು ಕುಳಿತಿದ್ದ. ನಮ್ಮ ಮೇಸ್ತ್ರಿ ಪಾಶಾಸಾಬರು ನಾಳ ಬಿಚ್ಚಿದರೆ ಒಳಗೆ ಬರೀ ಗಡ್ಡೆ. ಹಸಿರೆಣ್ಣೆ ಉಳಿಸಲು ಅಯ್ಯಣ್ಣ ನೀರು ಬೆರೆಸಿದ್ದಾನೆ ಎಂದು ಊರೆಲ್ಲ ಆಡಿಕೊಂಡಿತು. ನಾನು ಆ ಮಾತಿನ ನಡುವೆಯೇ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಯಾರಾದರೂ ನೀರು ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಅವನ ಹೆಂಡತಿ ದ್ಯಾವಮ್ಮ ಅಳಲಿಲ್ಲ. ದುಃಖಕ್ಕೆ ಕಲ್ಲಾಗಿದ್ದಾಳೆ ಎಂದು ನಾನು ತಿಳಿದೆ, ಹಾಗೆ ತಿಳಿಯುವುದು ನನಗೆ ಅನುಕೂಲವೂ ಆಗಿತ್ತು.

ಈಗ ಅವರ ಮಗಳು ಗಿರಿಜಾ ಅಪ್ಪನ ಕೆಲಸಕ್ಕೇ ಸೇರಿದ್ದಾಳೆ. ಇನ್ನು ಹತ್ತು ದಿನಕ್ಕೆ ಮೊದಲ ಸಲ ಘಾಟಿ ದಾಟುತ್ತಾಳೆ. ನಾಳೆ ಅವಳ ಗಾಡಿಗೆ ಪೂಜೆ, ಎರೆಯಬೇಕಾದವಳು ಸೋದರತ್ತೆಯಾದ ನಾನು. ನಿನ್ನೆ ಅವಳು ಬಂದು ನಗುತ್ತ ಹೇಳಿದ ಮಾತು ಇದು: "ಅತ್ತಿ, ನನಗ ಚಮಚ ಬ್ಯಾಡ, ಚೊಂಬು ತುಂಬ ಹಾಕು. ಅಪ್ಪಗ ಪೂಜಿ ನೀರು ಕಮ್ಮಿ ಬಿದ್ದಿತ್ತು ಕಾಣ್ತೈತಿ." ನಾನು ಎರೆಯದೆ ಸುಮ್ಮನಿದ್ದುಬಿಡಬಹುದು, ಎಲ್ಲರೂ ಬೆನ್ನು ತಿರುಗಿಸಿರುತ್ತಾರೆ. ಆದರೆ ನಾನು ಸತ್ತ ಮೇಲೆ ಇನ್ನೊಬ್ಬಳು ಬರುತ್ತಾಳೆ, ಅವಳಿಗೂ ಪ್ರೀತಿ ಉಕ್ಕುತ್ತದೆ.

ಅಜ್ಜಿ, ನಿಮ್ಮಲ್ಲಿ ಒಂದು ಬೇಡಿಕೆ. ಜೀಪಿಗೆ ನೀರು ಎರೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಎರೆಯುವಾಗ ಮಕ್ಕಳನ್ನು ಕರೆದು, ಇದು ಬಿಸಿಲಿಗೆ ಕುದಿಯುತ್ತದೆ, ಅದಕ್ಕೇ ಹಾಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಅಷ್ಟು ಸಾಕಿತ್ತು ನಮಗೆ.

ಇಲ್ಲಿಯವರೆಗೆ ಬರೆದು, ಪತ್ರವನ್ನು ಹಾಗೇ ಬಿಟ್ಟು ದ್ಯಾವಮ್ಮನ ಮನೆಗೆ ಹೋಗಿ ಬಂದೆ. ನಾಳೆ ಎಲ್ಲವನ್ನೂ ಊರ ಮುಂದೆ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೇನೆ, ಅದಕ್ಕೂ ಮೊದಲು ಅವಳಿಗೆ ಹೇಳಬೇಕಿತ್ತು. ಅವಳು ಸೊಪ್ಪು ಸೋಸುತ್ತಿದ್ದಳು. ಎರಡು ಚೊಂಬಿನ ಮಾತನ್ನು ಹೇಳಿ ಮುಗಿಸಿದೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಹನ್ನೆರಡು ವರ್ಷ ಅವಗ ಬೈಕೋಂತ ಕುಂತೆನಲ್ಲ ಅಕ್ಕ," ಎಂದಳು. "ಹೆಂಡ್ತಿ ಮಗಳ ನೆನಪಿಲ್ದ ನೀರು ಹಾಕ್ಕೊಂಡು ಹ್ವಾದ ಅಂತ. ಒಂದು ಅಮಾಸಿಗೂ ಅವಗ ಎಡಿ ಇಡಲಿಲ್ಲ ನಾ."

ಮಹಾಲಯ ಅಮಾವಾಸ್ಯೆಯಂದು ಹೋದವರಿಗೆ ಅವರಿಗಿಷ್ಟವಾದ ಅಡುಗೆಯ ಎಡೆ ಇಡುವುದು ನಿಮಗೂ ಗೊತ್ತಿರುವುದೇ. ಈ ವರ್ಷದ್ದು ಮುಗಿದು ಎಂಟು ದಿನವಾಯಿತು. ಅವಳು ಸೊಪ್ಪು ಪಕ್ಕಕ್ಕಿಟ್ಟು ಎದ್ದು ಒಲೆ ಹೊತ್ತಿಸಿದಳು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ ಮುಚ್ಚಿದಳು. ಆಮೇಲೆ, ಅವನಿಗೆ ಏನು ಸೇರುತ್ತಿತ್ತು ಎಂದು ನನ್ನನ್ನು ಕೇಳಿದಳು.

ನಿಮ್ಮ
ಹಂಪಮ್ಮ