ಮದುವೆಯಾದರೆ ಸರಿಹೋಗುತ್ತಾನೆ ಎಂದಿದ್ದೆವು

ಕೆರ್ಮಾನ್
ಆಬಾನ್ ತಿಂಗಳ ಹದಿನಾಲ್ಕು, ಸೋಮವಾರ

ಪ್ರೀತಿಯ ಮಗಳು ಮಾಹ್‌ರುಖ್‌ಗೆ ನಿನ್ನ ಮಾವನ ಸಲಾಮು.

ಹೇಗಿದ್ದೀಯ, ತಾಯಿ? ನಿನ್ನ ಅಮ್ಮನ ಮೊಣಕಾಲು ಈ ಚಳಿಗೆ ಏನನ್ನುತ್ತಿದೆ? ಪಿಸ್ತಾ ಕೊಯ್ಲಿಗೆ ಕೈ ಸಾಲದು ಎಂದು ಹೇಳಿ ಹೋದವಳು ನೀನು. ಕೊಯ್ಲು ಮುಗಿದು ತಿಂಗಳಾಯಿತು, ಒಣಗಿಸಿದ ಪಿಸ್ತಾ ಪೇಟೆಗೂ ಬಂದಾಯಿತು. ಆ ದೂಳಿಗೆ ನಿನಗೆ ಕೆಮ್ಮು ಬರುತ್ತದೆಂದು ನನಗೆ ಗೊತ್ತು. ಬಿಸಿನೀರಿಗೆ ಕಲ್ಲುಸಕ್ಕರೆ ಹಾಕಿ ಕುಡಿ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ಏರಿದೆ, ಸಿಹಿ ಮುಟ್ಟಬೇಡ ಎನ್ನುತ್ತಾರೆ. ಮೂವತ್ತು ವರ್ಷ ಖರ್ಜೂರ ತುಂಬಿದ ಕುಲಂಪೆ ಬಿಸ್ಕತ್ತು ಬೇಯಿಸಿ ಮಾರಿದವನು ಹದ ನೋಡದೆ ಇರುವುದು ಹೇಗೆ? ನಿನ್ನ ಅತ್ತೆ ಇಫ್ಫತ್ ನಿನ್ನ ಪುದೀನ ಕುಂಡಗಳಿಗೆ ದಿನವೂ ನೀರು ಹಾಕುತ್ತಾಳೆ, ಹಾಕುವಾಗ ಬೈಯುತ್ತಾಳೆ, ಆದರೂ ಹಾಕುತ್ತಾಳೆ. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ನಾನೇ ಇಲ್ಲವೆನ್ನಬಹುದು.

ವಿಷಯವನ್ನು ಮೊದಲು ಹೇಳಿದವನು ನಿನ್ನ ಗಂಡನೇ, ನಮ್ಮ ಜಲೀಲ್. ಹೋದ ಗುರುವಾರ ಮಧ್ಯಾಹ್ನ, ಊಟವಾಗಿ, ನೆಲಕ್ಕೆ ಹಾಸಿದ ಬಟ್ಟೆಯನ್ನು ಇನ್ನೂ ಮಡಚಿರಲಿಲ್ಲ. ಕೇಳಿದವರು ಇಬ್ಬರೇ, ನಾನು ಮತ್ತು ಇಫ್ಫತ್. ಮರುದಿನ ನಿನ್ನನ್ನು ಕರೆತರಲು ಹಿರಿಯರು ರಫ್ಸಂಜಾನಿನ ನಿಮ್ಮ ಮನೆಗೆ ಹೊರಡುವುದೆಂದು ಗೊತ್ತಾಗಿತ್ತು. ನಿನ್ನ ಅತ್ತೆಯ ಅಣ್ಣ ಹಾಜಿ ನಸ್ರುಲ್ಲಾ ಮುಂದಾಳು, ಜೊತೆಗೆ ಮಸೀದಿ ಬೀದಿಯ ಇನ್ನಿಬ್ಬರು. ಬಿಳಿ ಗಡ್ಡದವರು ಮೂವರು ಬಂದು ನಡುಮನೆಯಲ್ಲಿ ಕುಳಿತು, ಕೇಳಿದ್ದಕ್ಕೆ ಒಪ್ಪುವವರೆಗೆ ಚಹಾ ಮುಟ್ಟದೆ ಇದ್ದರೆ, ಹೆಣ್ಣಿನ ಕಡೆಯವರು ಇಲ್ಲವೆನ್ನುವುದು ಹೇಗೆ? ಅದನ್ನು ನೆಚ್ಚಿಕೊಂಡೇ ನಾವು ಅವರನ್ನು ಗೊತ್ತುಮಾಡಿದ್ದು. ಇಫ್ಫತ್ ಆ ಮಾತು ಎತ್ತಿದಾಗ ಜಲೀಲ್, "ಅವರನ್ನ ಕಳಿಸ್ಬೇಡಿ ಅಪ್ಪಾ. ಮಾಹ್‌ರುಖ್‌ಗೆ ನಾನು ಹೇಳಿರೋದು ಕಾಲುಭಾಗಾನೂ ಅಲ್ಲ" ಎಂದ.

ಅವನ ಎರಡನೆಯ ಫೋನು ನಿನ್ನ ಕೈಗೆ ಸಿಕ್ಕಾಗ, ಒಂದೇ ಒಂದು ಸೀಘೆ, ಇಂತಿಷ್ಟು ದಿನಕ್ಕೆಂದು ನಿಕಾಹ್ ಓದಿಸಿಕೊಂಡ ಮದುವೆ, ಅವಧಿ ಮುಗಿಯಿತು, ಅವಳು ಯಾರೋ ನಾನು ಯಾರೋ ಎಂದು ಅವನು ನಿನ್ನ ಮುಂದೆ ಆಣೆ ಮಾಡಿದ್ದನಂತೆ. ಒಂದಲ್ಲ, ಮಗಳೇ. ಹದಿಮೂರರವರೆಗೆ ಅವನಿಗೆ ನೆನಪಿದೆ, ಆಚೆಗೆ ಇಲ್ಲ. ಕೆಲವು ಒಂದು ವಾರದ್ದು, ಕೆಲವು ಒಂದು ಮಧ್ಯಾಹ್ನದ್ದು. ಇಫ್ಫತ್ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಪ್ರತಿ ಸಲಾನೂ ಓದಿಸ್ಕೊಂಡ್ಯಲ್ಲ? ಹಂಗಾದ್ರೆ ಪಾಪ ಎಲ್ಲಿಂದ ಬಂತು?" ಅವಳನ್ನು ದೂರಬೇಡ. ನನ್ನ ಎದೆಯೂ ಅದೇ ಗಳಿಗೆಯಲ್ಲಿ ಹಗುರವಾಯಿತು. ಶಾಸ್ತ್ರ ಒಪ್ಪಿದ್ದು ರೋಗವಾಗುವುದುಂಟೇ ಎಂದುಕೊಂಡೆ. ಜಲೀಲ್ ನಕ್ಕ, ನಗಬಾರದ ರೀತಿಯಲ್ಲಿ. "ಕೊನೆಕೊನೆಗೆ ಅದನ್ನೂ ಓದಿಸ್ತಿರ್ಲಿಲ್ಲಮ್ಮ. ಓದಕ್ಕೆ ಹಿಡಿಯೋ ಅಷ್ಟು ಹೊತ್ತೂ ತಡ್ಕೊಳ್ಳಕ್ಕೆ ಆಗ್ತಿರ್ಲಿಲ್ಲ" ಎಂದ.

ಗುರುತುಗಳೆಲ್ಲ ನಮ್ಮ ಕಣ್ಣ ಮುಂದೆಯೇ ಇದ್ದವು. ನಡುಹಗಲಲ್ಲಿ ಅಂಗಡಿಯ ಷಟರು ಇಳಿದಿರುತ್ತಿತ್ತು. ಹಿಟ್ಟು ತರಲು ಹೋದವನು ಮೂರು ಗಂಟೆ ಬಿಟ್ಟು ಬರಿಗೈಯಲ್ಲಿ ಬರುತ್ತಿದ್ದ. ಬಂದವನು ನೇರವಾಗಿ ಬಚ್ಚಲಿಗೆ. ಎಲ್ಲಿದ್ದೆ ಎಂದರೆ ಸಿಡುಕು. ಸುಳ್ಳು ಬೇಕಿಲ್ಲದ ಕಡೆಯೂ ಸುಳ್ಳು. ಬಾರ್ಬರಿ ರೊಟ್ಟಿ ತಿಂದಿದ್ದರೆ ಸಂಗಕ್ ತಿಂದೆ ಎನ್ನುತ್ತಿದ್ದ. ಮಾಹಾನಿನ ದರ್ಗಾಕ್ಕೆ ಹೋಗಿ ಇನ್ನು ಇಲ್ಲವೆಂದು ಹರಕೆ ಕಟ್ಟಿದನಂತೆ. ಮೊದಲ ಹರಕೆ ಎರಡು ತಿಂಗಳು ನಿಂತಿತು, ಎರಡನೆಯದು ಹತ್ತು ದಿನ, ಮೂರನೆಯದು ಹಿಂದಿರುಗುವ ಬಸ್ಸಿನಲ್ಲಿಯೇ ಮುರಿಯಿತು. ಹೆಂಗಸರು ಸಿಗದಿದ್ದರೆ ಫೋನಿನ ಚಿತ್ರಗಳು, ಒಲೆಯಲ್ಲಿ ಕುಲಂಪೆ ಕರಕಲಾಗುವವರೆಗೆ. ಆ ಕರಕಲು ತಟ್ಟೆಗಳನ್ನು ನಾನೇ ಎತ್ತಿ ಎಸೆದಿದ್ದೇನೆ, ಹುಡುಗನಿಗೆ ನಿದ್ದೆ ಸಾಲದು ಎಂದುಕೊಂಡು. ಸುಖವಾದರೂ ಇತ್ತೇನೋ ಎಂದು ಕೇಳಿದೆ; ಅಪ್ಪ ಮಗನಿಗೆ ಕೇಳುವ ಪ್ರಶ್ನೆಯಲ್ಲ, ಆದರೂ ಕೇಳಿದೆ. "ಮೊದಮೊದಲು ಇತ್ತು. ಈಗ ಹಲ್ಲುನೋವು ಇದ್ದೋನು ನಾಲಿಗೇನ ಅಲ್ಲಿಗೇ ಒತ್ತಿ ಒತ್ತಿ ನೋಡ್ತಾನಲ್ಲ, ಹಾಗೆ. ಆದ ಮರುಗಳಿಗೆ ನನ್ನ ಮುಖ ನನಗೇ ನೋಡಕ್ಕಾಗಲ್ಲ. ಆ ನಾಚಿಕೆ ಮರೆಯಕ್ಕೆ ಮತ್ತೆ ಅದೇ" ಎಂದ.

ನಮ್ಮ ಹಳ್ಳಿಯಲ್ಲಿ ಕುರ್ಬಾನಲಿ ಎಂಬ ಸುರಂಗ ತೋಡುವವನಿದ್ದ. ನೆಲದಡಿಯಲ್ಲಿ ಕಾಲುವೆ ತೋಡಿ ಊರಿಗೆ ನೀರು ತರುವುದು ಪುಣ್ಯದ ಕೆಲಸ. ನೀರು ಸಿಕ್ಕಿತು, ಊರಿಗೆ ಬಂತು. ಅವನು ಮಾತ್ರ ದಿನಾ ಬೆಳಿಗ್ಗೆ ಇಳಿದು ತೋಡುತ್ತಲೇ ಹೋದ. ಹೊಲ ಬೀಳುಬಿತ್ತು, ಹೆಂಡತಿ ನೆರೆಮನೆಯಲ್ಲಿ ಹಿಟ್ಟು ಬೇಡಿದಳು. ಊರವರು, "ಪುಣ್ಯಾತ್ಮ, ದಣಿವೇ ಇಲ್ಲ ನೋಡು" ಎಂದು ಹೊಗಳಿದರು. ಕೆಲಸಕ್ಕೆ ಒಳ್ಳೆಯ ಹೆಸರಿದ್ದುದರಿಂದ ಯಾರೂ ಅವನ ಕೈ ಹಿಡಿದು ತಡೆಯಲಿಲ್ಲ.

ಶನಿವಾರ ಜಲೀಲನ ವೈದ್ಯರನ್ನು ನಾನೇ ಹೋಗಿ ಕಂಡೆ. ಎರಡು ತಿಂಗಳಿಂದ ಅವನು ಹೋಗುತ್ತಿದ್ದಾನಂತೆ. ಮನೆಯವರಿಗೆ ಹೇಳು ಎಂದವರೂ ಅವರೇ. "ಎಷ್ಟು ಸಲ ಅನ್ನೋದು ಮುಖ್ಯ ಅಲ್ಲ ಯಜಮಾನ್ರೇ. ಬೇಡ ಅಂತ ತಾನೇ ಅಂದ್ಕೊಂಡಾಗ ನಿಲ್ಸಕ್ಕಾಗತ್ತಾ? ಕೆಲಸ, ಹೆಂಡ್ತಿ, ಮಾನ ಕೈತಪ್ತಿದ್ರೂ ಬಿಡಕ್ಕಾಗಲ್ವಾ? ನಾವು ನೋಡೋದು ಅದನ್ನ" ಎಂದರು. ಇದಕ್ಕೆ ಯಾವ ಹೆಸರಿಡಬೇಕೆಂದು ವೈದ್ಯರಲ್ಲೇ ಒಮ್ಮತವಿಲ್ಲವಂತೆ. ಕಾರಣವನ್ನೂ ಬೆರಳಿಟ್ಟು ತೋರಿಸಲಾರರು: ಕೆಲವರಿಗೆ ಹುಟ್ಟಿನಿಂದಲೇ ಮನಸ್ಸಿಗೆ ತಡೆ ಕಡಿಮೆ, ಕೆಲವರಿಗೆ ಖಿನ್ನತೆ, ಕೆಲವರಿಗೆ ಬಾಲ್ಯದ ಪೆಟ್ಟು. ಜಲೀಲನ ಬಾಲ್ಯ ಕೇಳಿದರು. ಹೇಳಿದೆ. ಬಮ್ ಊರಿನ ಭೂಕಂಪದಲ್ಲಿ, ಎಂಟು ವರ್ಷದವನು, ಅಜ್ಜಿಯ ಪಕ್ಕದಲ್ಲಿ ಮಣ್ಣಿನಡಿ ಹನ್ನೊಂದು ಗಂಟೆ ಬಿದ್ದಿದ್ದ. ಅಜ್ಜಿ ಮೊದಲ ಗಂಟೆಯಲ್ಲೇ ತೀರಿಕೊಂಡಿದ್ದಳು. ಹೊರಗೆ ತೆಗೆದ ಮೇಲೆ ನಾವು ಅವನಿಗೆ ಹೊಸ ಬೂಟು ಕೊಡಿಸಿದೆವು, ಆ ಮಾತನ್ನು ಯಾರೂ ಎತ್ತಬಾರದೆಂದು ಬಂಧುಗಳಿಗೆಲ್ಲ ಕಟ್ಟಪ್ಪಣೆ ಮಾಡಿದೆವು. ಮುಂದೆ ಮೀಸೆ ಮೂಡುವ ಹೊತ್ತಿಗೆ, ಎದೆ ಬಿಗಿದು ಬಂದಾಗಲೆಲ್ಲ ಇದೊಂದರಿಂದ ಮೈ ತಣ್ಣಗಾಗುತ್ತದೆಂದು ಅವನು ತಾನಾಗಿ ಕಂಡುಕೊಂಡನಂತೆ. "ಇರಬಹುದು" ಎಂದರು ವೈದ್ಯರು. ಇರಬಹುದು ಎಂದಷ್ಟೇ. ಮಣ್ಣಿನಡಿ ಬಿದ್ದವರೆಲ್ಲ ಹೀಗಾಗಲಿಲ್ಲ, ಹೀಗಾದವರೆಲ್ಲ ಮಣ್ಣಿನಡಿ ಬಿದ್ದವರಲ್ಲ. ಚಿಕಿತ್ಸೆಯಿದೆ, ನಿಧಾನ, ಮಧ್ಯೆ ಜಾರುವುದೂ ಉಂಟು. ನಿನ್ನಲ್ಲಿ ಏನೋ ಕೊರತೆಯಿತ್ತು ಎಂದು ನೀನು ಕೊರಗುತ್ತಿದ್ದರೆ ಅದನ್ನು ಇವತ್ತೇ ಬಿಡು. ನಾನು ಕೇಳದೆಯೇ ವೈದ್ಯರು ಹೇಳಿದ ಮಾತು ಅದು. ಇನ್ನೊಂದು: ಜಲೀಲನ ರಕ್ತಪರೀಕ್ಷೆಯಾಗಿದೆ, ರೋಗ ಸಿಕ್ಕಿಲ್ಲ. ಆದರೂ ನೀನೂ ಮಾಡಿಸಿಕೋ, ನಾಚಿಕೆಪಡಬೇಡ.

ಬಾ ಎಂದಾಗಲೀ ಬರಬೇಡ ಎಂದಾಗಲೀ ನಾನು ಹೇಳಲಾರೆ. ಹಿಂದೆ ಮೂರು ಸಲ ಫೋನು ಮಾಡಿ ಬಾ ಎಂದಿದ್ದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಅಮ್ಮನಿಗೆ ನಮ್ಮ ಸಲಾಮು ತಿಳಿಸು, ಅವರು ಒಪ್ಪಿಕೊಂಡರೆ. ದೇವರು ನಿನ್ನನ್ನು ನಮ್ಮಂಥವರ ಒಳ್ಳೆಯ ಮಾತುಗಳಿಂದ ಕಾಪಾಡಲಿ.

ನಿನ್ನ ಮಾವ
ಮಾಷಾಲ್ಲಾ

ಲಕೋಟೆ ಅಂಟಿಸುವ ಮೊದಲು ಬರೆಯಲೇಬೇಕಾದದ್ದು: ನಿನಗಿಂತ ಮೊದಲು ಸೀರ್ಜಾನಿನ ಹುಡುಗಿಯೊಬ್ಬಳೊಂದಿಗೆ ಜಲೀಲನ ನಿಶ್ಚಯ ಮುರಿದದ್ದು ನಿನಗೆ ಗೊತ್ತು. ಕುರಾನು ತೆರೆದು ನೋಡಿಸಿದೆವು, ಶಕುನ ಒಳ್ಳೆಯದು ಬರಲಿಲ್ಲ ಎಂದು ನಿನ್ನ ಅಮ್ಮನಿಗೆ ನಾನೇ ಹೇಳಿದ್ದೆ. ನಾವು ತೆರೆಸಿಯೇ ಇರಲಿಲ್ಲ. ಆ ಹುಡುಗಿಯ ಅಣ್ಣ ನಮ್ಮ ಮನೆಗೆ ಬಂದು, ಜಲೀಲ್ ಯಾವ ಯಾವ ಹೆಂಗಸಿನ ಮನೆಗೆ ಹೋಗುತ್ತಾನೆಂದು ವಿಳಾಸದ ಸಮೇತ ಹೇಳಿ ಹೋಗಿದ್ದ. ಮದುವೆಯಾದರೆ ಸರಿಹೋಗುತ್ತಾನೆ ಎಂದು ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಿನ್ನನ್ನು ಕೇಳಲು ಬಂದೆವು. ನಿನಗೆ ಬಿಡುಗಡೆ ಬೇಕಾದರೆ ಈ ಕಾಗದವನ್ನು ನ್ಯಾಯಾಧೀಶರ ಮುಂದಿಡು. ಹಾಳೆ ಹಾಳೆಗೂ ರುಜು ಹಾಕಿದ್ದೇನೆ, ಕರೆದರೆ ಬಂದು ಬಾಯಿಬಿಟ್ಟೂ ಹೇಳುತ್ತೇನೆ. ಹೇಳಿಯೇನೆಂದು ಈಗ ಅನ್ನಿಸುತ್ತಿದೆ. ಆದರೆ ಶುಕ್ರವಾರ ಬೆಳಿಗ್ಗೆ ಹಿರಿಯರ ಕಾರು ಬಂದು ಹಾರನ್ನು ಹೊಡೆದಾಗ ನಾನು ಬಾಗಿಲವರೆಗೆ ಹೋದೆ, ಹೊಸಿಲು ದಾಟಲಿಲ್ಲ. ಇಫ್ಫತ್ ಚಾದರ ಎಳೆದುಕೊಂಡು ಬೀದಿಗೆ ಇಳಿದಳು. "ಹೋಗ್ಬೇಡಿ ಅಣ್ಣಾ. ಆ ಹುಡುಗೀಗೆ ನಾವು ಮೋಸ ಮಾಡಿದೀವಿ" ಎಂದು ಮೂವರ ಮುಂದೆಯೂ, ರೊಟ್ಟಿಗೆ ಸಾಲುನಿಂತ ಬೀದಿಯವರ ಮುಂದೆಯೂ ಹೇಳಿದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.