ರಮಿತಾ ಮತ್ತೆ ಮೈದಾನಕ್ಕೆ ಬಂದಳು

ಘಣಸೋಲಿ,
೧೮ ನವೆಂಬರ್ ೨೦೧೧

ರಮಿತಾಳ ಅಪ್ಪನಿಗೆ ವಿಮಲಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ದಿನವಿಡೀ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತೇ ಇದ್ದರೆ ಯಾವ ಎಣ್ಣೆ ಹಚ್ಚಿದರೂ ಅಷ್ಟೇ. ಮಸ್ಕತ್ತಿನ ಸೆಖೆ ಈಗ ಸ್ವಲ್ಪ ಇಳಿದಿರಬಹುದು. ಗಿರಾಕಿಗಳೆಲ್ಲ ಉಂಡ ಮೇಲೆ ಉಳಿದದ್ದನ್ನು ನಿಂತುಕೊಂಡೇ ತಿನ್ನುವ ಅಭ್ಯಾಸ ಬಿಡಿ, ಕುಳಿತು ಉಣ್ಣಿ. ನನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಡಾಕ್ಟರೇ ಆಶ್ಚರ್ಯಪಟ್ಟರು. ಅದರ ಕಾರಣವನ್ನು ಮುಂದೆ ಬರೆಯುತ್ತೇನೆ. ರಜೆಗೆ ಬಂದಿದ್ದ ವಸಂತಕುಮಾರರು ನಾಡಿದ್ದು ಅಲ್ಲಿಗೆ ಹೊರಡುತ್ತಾರಂತೆ. ಅವರ ಕೈಯಲ್ಲಿ ಹಪ್ಪಳ, ಮಾವಿನ ಉಪ್ಪಿನಕಾಯಿ ಮತ್ತು ಈ ಪತ್ರ ಕೊಡುತ್ತಿದ್ದೇನೆ. ಫೋನಿನಲ್ಲಿ ಊಟ ಆಯ್ತಾ, ಹುಷಾರಾ ಎನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ಮಗಳ ವಿಷಯ ಸರಿಯಾಗಿ ಹೇಳಲು ನನಗೆ ಒಮ್ಮೆಯೂ ಆಗಲಿಲ್ಲ.

ಹಿಂದಿನ ಸಲ ಠಾಣೆ ಜಿಲ್ಲೆಯ ಪೊಲೀಸ್ ನೇಮಕಾತಿಯಲ್ಲಿ ರಮಿತಾ ಓಟದಲ್ಲಿ ಹಿಂದೆ ಬಿದ್ದು ಆಯ್ಕೆಯಾಗದೆ ಉಳಿದದ್ದು ನಿಮಗೆ ಗೊತ್ತು. ಆಮೇಲೆ ಮನೆಯಲ್ಲಿ ಏನಾಯಿತು ಎನ್ನುವುದು ಗೊತ್ತಿಲ್ಲ. ಮುರಬಾಡ, ಶಹಾಪುರದ ಕಡೆಯ ಹುಡುಗಿಯರು ಬರಿಗಾಲಲ್ಲಿ ಮೂರು ಕಿಲೋಮೀಟರು ಗಾಳಿಯ ಹಾಗೆ ಓಡಿದರಂತೆ. ಹಿಂದಿನ ಗಲ್ಲಿಯ ಸೋನಾಲಿ, ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಇವಳನ್ನು ಕರೆದುಕೊಂಡು ಹೋಗುತ್ತಿದ್ದವಳು, ಆಯ್ಕೆಯಾದಳು. ಪೇಡೆ ಕೊಡಲು ಬಂದಾಗ ರಮಿತಾ ಅವಳನ್ನು ಅಪ್ಪಿಕೊಂಡು ನಕ್ಕಳು, ಪೇಡೆಯನ್ನೂ ತಿಂದಳು. ಅವಳು ಅತ್ತ ಹೋದದ್ದೇ ಇವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮರುದಿನ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿ, ವಾಶಿಯ ಮಾಲಿನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿಕೊಂಡಳು.

ನಾನು ಹೇಳದ ಮಾತಿಲ್ಲ. ನನ್ನಿಂದ ಆಗದೆ ಡೊಂಬಿವಲಿಯಿಂದ ಸರ್ವೋತ್ತಮಣ್ಣನನ್ನು ಕರೆಸಿದೆ. ಪಾಪ, ರಜೆಯ ದಿನ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿಕೊಂಡು ಬಂದ. ಬಂದವನು ಚಾ ಆರುವವರೆಗೆ ಛಲ, ಗುರಿ, ಯಶಸ್ಸು ಎಂದು ಭಾಷಣ ಮಾಡಿದ. ಸೋತವರೇ ಮುಂದೆ ದೊಡ್ಡವರಾದ ನಾಲ್ಕಾರು ಕಥೆಗಳನ್ನೂ ಹೇಳಿದ. ರಮಿತಾ ತಲೆತಗ್ಗಿಸಿ ಎಲ್ಲವನ್ನೂ ಕೇಳಿ, ಅವನ ಕಪ್ಪನ್ನು ತೊಳೆದಿಟ್ಟು, “ಮಾಮಾ, ಈಗ ಹೊರಟರೆ ನಿಮಗೆ ಗಾಡಿಯಲ್ಲಿ ಕೂತುಕೊಳ್ಳಲಿಕ್ಕೆ ಸೀಟು ಸಿಕ್ತದೆ” ಅಂದಳು. ಅಣ್ಣ ಚಪ್ಪಲಿ ಹಾಕುತ್ತಾ ನನ್ನ ಮುಖ ನೋಡಿದ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಈ ಸಲದ ಬೇಸಿಗೆಯಲ್ಲೇ ಡಾಕ್ಟರು ನನಗೆ ದಿನಾ ನಡೆಯಲೇಬೇಕು ಅಂದದ್ದು. ಹಿಂದೆ ರಮಿತಾ, ಸೋನಾಲಿಯರ ಜೊತೆ ಮೈದಾನಕ್ಕೆ ಹೋಗಿ ಹೋಗಿ ನನಗೆ ನಸುಕಿನಲ್ಲಿ ತಾನಾಗಿಯೇ ಎಚ್ಚರವಾಗುತ್ತಿತ್ತು. ಒಂದು ದಿನ ಒಬ್ಬಳೇ ಹೊರಟೆ. ನನ್ನ ಚಪ್ಪಲಿಯ ಬಾರು ಕಿತ್ತಿತ್ತು. ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ಅವಳ ಶೂಗಳಿಗೆ ಮುಂದೆ ಸ್ವಲ್ಪ ಬಟ್ಟೆ ತುರುಕಿ ಹಾಕಿಕೊಂಡೆ. ನಡೆಯುತ್ತಾ ನಡೆಯುತ್ತಾ ಏನನ್ನಿಸಿತೋ, ಈ ಹುಡುಗಿ ದಿನಾ ಮಾಡುತ್ತಿದ್ದದ್ದು ಏನೆಂದು ನೋಡೋಣ ಎಂದು ಓಡಲು ಶುರು ಮಾಡಿದೆ. ವಾಕಿಂಗಿಗೆ ಬಂದ ಹೆಂಗಸರು “ಕಾಕು, ಪಳಾ ಪಳಾ!” ಓಡು ಓಡು ಎಂದು ಚಪ್ಪಾಳೆ ತಟ್ಟಿದರು. ಓಡುವುದು ಎಲ್ಲಿಂದ ಬಂತು? ಅರ್ಧ ಸುತ್ತಿಗೆ ಎದೆ ಒಡೆಯುತ್ತದೆ ಅನ್ನಿಸಿತು, ಕಣ್ಣಿಗೆ ಕತ್ತಲೆ ಬಂತು, ನೆಲದ ಮೇಲೆ ಕುಳಿತುಬಿಟ್ಟೆ. ಅಷ್ಟು ದಿನ ಮೆಟ್ಟಿಲ ಮೇಲೆ ಆರಾಮವಾಗಿ ಕುಳಿತು “ಇನ್ನೊಂದು ಸುತ್ತು ರಮಿತಾ” ಎಂದು ಕೂಗುತ್ತಿದ್ದವಳು ನಾನು.

ಮನೆಗೆ ಬಂದು ಅವಳ ಹತ್ತಿರ ಅದನ್ನೇ ಹೇಳಿದೆ. “ನನ್ನಿಂದ ಅರ್ಧ ಸುತ್ತೂ ಆಗಲಿಲ್ಲ ಮಗಾ, ನೀನು ಅಷ್ಟೆಲ್ಲ ಹೇಗೆ ಓಡ್ತಿದ್ದೆ?” ಅವಳು ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದಳು. ನನ್ನ ಕಾಲಿನ ಶೂ ನೋಡಿ ಜೋರಾಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದೆ. “ಬಾಯಿ ಬಿಟ್ಟುಕೊಂಡು ಓಡಿದಿಯಾ? ಮೂಗಿನಲ್ಲಿ ಉಸಿರು ತೆಗೀಬೇಕು ಮಾರಾಯ್ತಿ” ಅಂದಳು.

ಮರುದಿನ ನನಗೆ ಕಲಿಸಲೆಂದು ಬಂದಳು. ಅವಳು ಓಡಲಿಲ್ಲ. ಪಕ್ಕದಲ್ಲಿ ವೇಗವಾಗಿ ನಡೆಯುತ್ತಾ, ಕೈ ಹೀಗೆ ಇಡು, ಮೈದಾನದ ಆ ತುದಿ ನೋಡಬೇಡ, ಎದುರಿನ ಕಂಬ ಮಾತ್ರ ನೋಡು ಎಂದು ಹೇಳಿಕೊಟ್ಟಳು. ಹೀಗೆ ಕೆಲವು ವಾರ ನಡೆಯಿತು. ಒಂದು ಬೆಳಿಗ್ಗೆ ನನ್ನ ನಿಧಾನಕ್ಕೆ ಬೇಸತ್ತು, “ನೀನು ಬಾ, ನಾನೊಂದು ಸುತ್ತು ಹೋಗಿ ಬರ್ತೇನೆ” ಎಂದು ಓಡಿದಳು. ನಾನು ನನ್ನ ಕಂಬ ನೋಡಿಕೊಂಡು ನಡೆದೆ. ಆ ವಾರವೇ ಪುಸ್ತಕಗಳು ಅಟ್ಟದಿಂದ ಇಳಿದವು.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಮೈದಾನ ಕೆರೆಯಾಯಿತು, ಕಾಲೋನಿಯ ರಸ್ತೆಯಲ್ಲಿ ಓಡಿದರೆ ಹುಡುಗರು ಸೀಟಿ ಹೊಡೆಯುತ್ತಿದ್ದರು. ಮಾಲಿನಲ್ಲಿ ನಿಂತು ನಿಂತು ಅವಳ ಕಾಲು ಊದಿಕೊಳ್ಳುತ್ತಿತ್ತು. ಎಷ್ಟೋ ಬೆಳಿಗ್ಗೆ ಹೊದಿಕೆಯೊಳಗಿಂದಲೇ “ಎಂಕ್ ಬೊಡ್ಚಿ ಅಮ್ಮಾ” ಎನ್ನುತ್ತಿದ್ದಳು. ಮೊದಲಿನ ಹಾಗೆ ನಾನು ಬುದ್ಧಿ ಹೇಳಲು ಹೋಗಲಿಲ್ಲ. ಇವತ್ತು ಬೇಡವಾದರೆ ಬೇಡ, ನಾಳೆ ನೋಡುವ ಎಂದು ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಕೆಲವು ಸಲ ಮರುದಿನವೂ ಅವಳು ಏಳಲಿಲ್ಲ, ಆಮೇಲೆ ಎದ್ದಳು. ಸಂಜೆ ನಾನು ಮಾರುವ ದೋಸೆ ಹಿಟ್ಟಿನ ಪ್ಯಾಕೆಟ್ ಕಟ್ಟುತ್ತಾ ಅವಳಿಗೆ ಮರಾಠಿ ವ್ಯಾಕರಣದ ಪ್ರಶ್ನೆ ಕೇಳಬೇಕು. ನನ್ನ ತುಳು ನಾಲಿಗೆಗೆ ಆ ಶಬ್ದಗಳು ಹೊರಳುವುದಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ನಗುತ್ತಲೇ ಉತ್ತರ ಹೇಳುತ್ತಾಳೆ.

ಹೋದ ವಾರ ನವಿ ಮುಂಬಯಿಯ ಪೊಲೀಸ್ ಭರ್ತಿಗೆ ಕಳಂಬೋಲಿಯಲ್ಲಿ ಓಟ ಇತ್ತು. ನಾನು ಬೇರೆ ತಾಯಂದಿರ ಜೊತೆ ಗೇಟಿನ ಹೊರಗೆ ನಿಂತಿದ್ದೆ, ಒಳಗಿನದ್ದು ಏನೂ ಕಾಣುತ್ತಿರಲಿಲ್ಲ. ಶುರುವಿನಲ್ಲೇ ಯಾರದೋ ಮೊಣಕೈ ತಾಗಿ ಬಿದ್ದಳಂತೆ. ಎಲ್ಲರೂ ಮುಂದೆ ಹೋಗಿಬಿಟ್ಟರು, ಇನ್ನು ಎದ್ದು ಏನು ಪ್ರಯೋಜನ ಅನ್ನಿಸಿತಂತೆ. ಆದರೂ ಎದ್ದಳು. ಕೊನೆಯ ಸುತ್ತಿನಲ್ಲಿ ಕಾಲು ಸೋತಾಗ ಪಕ್ಕದ ಗುರುತಿಲ್ಲದ ಹುಡುಗಿಯೊಬ್ಬಳು “ಚಲ ಗ, ಥಾಂಬೂ ನಕೋ” ಅಂದಳಂತೆ. ನಿಲ್ಲಬೇಡ ಎಂದು ಇವಳೂ ಅವಳಿಗೆ ಹೇಳುತ್ತಾ, ಇಬ್ಬರೂ ಒಟ್ಟಿಗೆ ಗೆರೆ ದಾಟಿದರಂತೆ. ಹೊರಗೆ ಬಂದಾಗ ಮಂಡಿಯಲ್ಲಿ ರಕ್ತ, ಮುಖದ ತುಂಬ ಮಣ್ಣು. “ಅಮ್ಮಾ, ಪಾಸ್” ಅಂದಳು. ನಿನ್ನೆ ಲಿಖಿತ ಪರೀಕ್ಷೆಯ ಕರೆಯೂ ಬಂತು. ಬರುವ ವಾರದ ಆದಿತ್ಯವಾರ ಪರೀಕ್ಷೆ.

ಸರ್ವೋತ್ತಮಣ್ಣ ನಿಮ್ಮನ್ನು ಕೇಳಿದ್ದಾನೆ. ದೇವರ ಮುಂದೆ ದೀಪ ಇಡುವಾಗ ನಿಮ್ಮ ಕಾಲಿಗೂ ಅವಳ ಕಾಲಿಗೂ ಬಲ ಕೊಡಲಿ ಎಂದೇ ಕೇಳಿಕೊಳ್ಳುತ್ತೇನೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ವಿಮಲಾ

ತಾ.ಕ.: ವಸಂತಕುಮಾರರು ಬಂದು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಯ ಹಿಂದಿನ ದಿನ ನೀವು ಫೋನು ಮಾಡಿ, “ಆಗದಿದ್ದರೂ ಚಿಂತೆ ಇಲ್ಲ ಮಗಾ” ಅನ್ನುತ್ತೀರಿ. ಹಿಂದಿನ ಸಲ ಓಟದ ಮುಂಚಿನ ದಿನವೂ ಹಾಗೇ ಅಂದಿರಿ. ಅವಳ ಮನಸ್ಸು ನೋಯಬಾರದೆಂದು ಹೇಳುವುದು, ನನಗೆ ಗೊತ್ತು. ಆದರೆ ಮೊನ್ನೆ ತಲೆಗೆ ಎಣ್ಣೆ ಹಚ್ಚುವಾಗ ಅವಳು ಕೇಳಿದಳು, “ಅಮ್ಮಾ, ನಾನು ಪೊಲೀಸ್ ಆಗುವುದು ಅಪ್ಪನಿಗೆ ಇಷ್ಟ ಇಲ್ಲವಾ?” ನಾನು ಹಾಗೇನಿಲ್ಲ ಅಂದೆ, ಅವಳು ನಂಬಲಿಲ್ಲ. ಈ ಸಲ ನಿಮ್ಮ ಬಾಯಿಂದ “ನೀನು ಆಗಬೇಕು, ನನಗೆ ಅದು ಬೇಕು” ಎಂದು ಹೇಳಿ. ಮನಸ್ಸಿನಿಂದ ಹೇಳಲು ಆಗದಿದ್ದರೆ ಶನಿವಾರ ಫೋನು ಮಾಡಬೇಡಿ. ಸೋಮವಾರ ಮಾಡಿ.