ಲೆನ್ ಹಾಸ್ಕಿನ್‌ನ ಮಂಚದ ಪಕ್ಕ ಒಂದು ಕುರ್ಚಿ

ಮಾಜಿ ಸೈನಿಕರ ಆಸ್ಪತ್ರೆಯ ಮೇಲಧಿಕಾರಿಗಳಿಗೆ

ಮಾನ್ಯರೇ,

ಕಳೆದ ಚಳಿಗಾಲದಲ್ಲಿ ನನ್ನ ಗಂಡ ಆರ್ಚಿ ಪೆನ್‌ರೋಸ್ ತಮ್ಮ ಎದೆರೋಗದ ವಾರ್ಡಿನಲ್ಲಿ ಒಬ್ಬನೇ ಸತ್ತ. ಈಗ ಅದೇ ವಾರ್ಡಿನಲ್ಲಿ ಅವನ ಗೆಳೆಯ ಲೆನ್ ಹಾಸ್ಕಿನ್ ಒಬ್ಬನೇ ಸಾಯುವುದಕ್ಕೆ ತಾವು ಎಲ್ಲ ಏರ್ಪಾಟು ಮಾಡಿದ್ದೀರಿ. ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈಚೆಗೆ ನಾನು ತಮ್ಮ ಕೋಣೆಗೆ ಬಂದಾಗಲೆಲ್ಲ ತಾವು ಚಹಾ ಕುಡಿಯಲು ಹೋಗಿರುತ್ತೀರಿ.

ಆರ್ಚಿ ಸತ್ತಾಗ ತಮ್ಮ ಕಚೇರಿಯಿಂದ ಸಂತಾಪ ಬಂತು: 'ಶಾಂತವಾಗಿ ಕೊನೆಯುಸಿರೆಳೆದರು.' ತಮಗೆ ಹೇಗೆ ಗೊತ್ತು ಸ್ವಾಮಿ? ನೋಡಿದವರು ಯಾರು? ಊಟದ ತಟ್ಟೆ ತಂದ ದಾದಿ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿತ್ತು. ನಾನು ನಮ್ಮೂರು ಹಾರ್ಶಮ್‌ನಿಂದ ಬರುವ ರೈಲಿನಲ್ಲಿದ್ದೆ. ಹತ್ತಿರ ಇದ್ದವನು ಲೆನ್ ಒಬ್ಬ, ಅದೂ ತಮ್ಮ ಗೇಟಿನ ಹೊರಗೆ, ಬಸ್ ನಿಲ್ದಾಣದ ಬೆಂಚಿನ ಮೇಲೆ. ಅವನನ್ನು ಒಳಗೆ ಬಿಡಬಾರದೆಂದು ತಾವೇ ಅಪ್ಪಣೆ ಕೊಟ್ಟಿದ್ದಿರಿ. ಅವನು ಮಾಡಿದ ಅಪರಾಧ, ರೋಗಿಯ ಎದೆಯ ಮೇಲೆ ಕೈ ಇಟ್ಟದ್ದು.

ಯುದ್ಧದಲ್ಲಿ ಸಿಂಗಪುರ ಬಿದ್ದಾಗ ಇಬ್ಬರೂ ಜಪಾನೀಯರಿಗೆ ಸೆರೆಸಿಕ್ಕರು. ಸಯಾಮಿನ ಕಾಡಿನಲ್ಲಿ ರೈಲುದಾರಿ ಹಾಕುವ ಕೆಲಸಕ್ಕೆ ಅವರನ್ನು ಅಟ್ಟಿದರು. ಬಿದಿರಿನ ಗುಡಿಸಲು, ಹಿಡಿ ಅನ್ನ, ಬಿಡದ ಮಳೆ, ಕಾಲರಾ. ಇಷ್ಟು ತಮಗೂ ಗೊತ್ತು. ಪ್ರತಿ ಏಪ್ರಿಲ್‌ನಲ್ಲಿ, ಯೋಧರ ಸ್ಮರಣೆಯ ದಿನ, ಪದಕ ತೊಟ್ಟು ನಿಂತವರ ಮುಂದೆ ತಾವೇ ಗದ್ಗದಿತರಾಗಿ ಭಾಷಣ ಮಾಡುತ್ತೀರಿ. ಆ ಭಾಷಣದಲ್ಲಿ ಬಾರದ ಸಂಗತಿಯೊಂದಿದೆ. ಅಲ್ಲಿ ಜನ ಸದ್ದಿಲ್ಲದೆ ಸಾಯುತ್ತಿದ್ದರು, ನರಳುವುದಕ್ಕೂ ತ್ರಾಣವಿರಲಿಲ್ಲ. ಹಾಗಾಗಿ ಅವರ ಗುಡಿಸಲಿನಲ್ಲಿ ಒಂದು ಪದ್ಧತಿ ಬೆಳೆಯಿತು. ಪಕ್ಕದಲ್ಲಿ ಮಲಗಿದವನು ರೋಗಿಯ ಎದೆಯ ಮೇಲೆ ಅಂಗೈ ಇಟ್ಟುಕೊಂಡಿರಬೇಕು. ಉಸಿರು ನಿಂತರೆ ಸತ್ತವನ ಹೆಸರು, ಊರು ಗಟ್ಟಿಯಾಗಿ ಹೇಳಬೇಕು. ಉಳಿದವರು 'ಕೇಳಿಸ್ತು' ಎನ್ನಬೇಕು. ಔಷಧವಿಲ್ಲದ ಆ ಜಾಗದಲ್ಲಿ ಅವರ ಬಳಿ ಇದ್ದದ್ದು ಇದೊಂದೇ. ಆರ್ಚಿಗೆ ಕಾಲರಾ ಬಡಿದಾಗ, ಮುಟ್ಟಿದರೆ ತನಗೂ ಅಂಟೀತೆಂದು ತಿಳಿದೇ ಲೆನ್ ಆರ್ಚಿಯ ಎದೆಯ ಮೇಲೆ ಕೈ ಇಟ್ಟಿದ್ದ. ಆರ್ಚಿಯ ಆಯಸ್ಸು ಗಟ್ಟಿಯಿತ್ತು, ಬದುಕಿ ಬಂದ.

ಬಂದ ಎನ್ನುವುದೂ ಅರ್ಧ ಸತ್ಯ. ಮದುವೆಯಾದ ಹೊಸತರಲ್ಲಿ ಎದೆ ಭಾರವೆನಿಸಿ ನಾನು ಬೆಚ್ಚಿ ಎದ್ದರೆ ಅಲ್ಲಿ ಅವನ ಕೈ ಇರುತ್ತಿತ್ತು. "ಏನಿಲ್ಲ, ಮಲಕ್ಕೊ. ಇದೀಯಾ ಅಂತ ನೋಡ್ದೆ ಅಷ್ಟೆ" ಎನ್ನುತ್ತಿದ್ದ. ಹಗಲು ಗೋಧಿ ಹೊಲದ ಬೇಲಿ ಬಿಗಿಯುತ್ತ ಒಂದೊಂದೇ ಹೆಸರು, ಒಂದೊಂದೇ ಊರು ಹೇಳುತ್ತಿದ್ದ. ಆ ಊರುಗಳನ್ನು ನಾನು ಕಂಡಿಲ್ಲ, ಆದರೆ ಯಾವ ಊರಿಗೆ ಯಾರು ಮರಳಲಿಲ್ಲವೆಂದು ಅಡುಗೆಮನೆಯ ಕಿಟಕಿಯಲ್ಲೇ ನಿಂತು ಕಲಿತೆ. ಈಗ ಎದೆಯ ಮೇಲೆ ಭಾರವಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ. ಆ ಗುಡಿಸಲು ನನ್ನ ಮನೆಗೂ ಬಂದು ಕೂತಿದೆ ಮಾನ್ಯರೇ, ಎಬ್ಬಿಸುವುದು ಹೇಗೆಂದು ನನಗೆ ತಿಳಿಯದು.

ತಾವು ಲೆನ್‌ನನ್ನು ಹೊರಗಿಡುವ ಹಿಂದಿನ ದಿನ ಮಧ್ಯಾಹ್ನ ನಾನೂ ವಾರ್ಡಿನಲ್ಲಿದ್ದೆ. ಆರ್ಚಿ ಕಣ್ಣು ಮುಚ್ಚಿದ್ದ, ಲೆನ್ ಅವನ ಎದೆಯ ಮೇಲೆ ಕೈ ಇಟ್ಟು ಕೂತಿದ್ದ.

"ಲೋ, ಇನ್ನೂ ಇದೀನಿ ಕಣೋ. ನನ್ನ ಬಿಸ್ಕತ್ತಿನ ಮೇಲೆ ಕಣ್ಣು ಹಾಕ್ಬೇಡ" ಎಂದ ಆರ್ಚಿ.

"ನಿನ್ನ ಎಂಜಲು ಬಿಸ್ಕತ್ತು ಯಾವನಿಗೆ ಬೇಕೋ ಮುದುಕ? ಸುಮ್ನೆ ಉಸಿರಾಡು."

ಅಷ್ಟರಲ್ಲಿ ಹಿರಿಯ ದಾದಿ ಬಂದಳು. ಉಸಿರಿಗೆ ಪರದಾಡುವವನ ಎದೆ ಒತ್ತುತ್ತಿದ್ದಾನೆಂದು ಅವಳು ಹೌಹಾರಿದಳು. "ರೀ, ಕೈ ತೆಗೀರಿ ಮೊದ್ಲು! ಇವರಿಗೆ ನೀವೇನಾಗ್ಬೇಕು?"

ಅಣ್ಣ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಲೆನ್ ಬಹಳ ಯೋಚಿಸಿ, "ಏನೂ ಆಗ್ಬೇಕಿಲ್ಲಮ್ಮ. ಪಕ್ಕದಲ್ಲಿ ಮಲಗ್ತಿದ್ದೆ" ಎಂದ. ಯಾರೋ ಕಿಸಕ್ಕೆಂದರು. ಮರುದಿನವೇ ತಮ್ಮ ಅಪ್ಪಣೆ ಹೊರಟಿತು: ರಕ್ತಸಂಬಂಧಿಗಳಿಗೆ ಮತ್ತು ಮಡದಿಗೆ ಮಾತ್ರ ಪ್ರವೇಶ. ದಾದಿಯನ್ನು ನಾನು ದೂರುವುದಿಲ್ಲ, ಅವಳಿಗೆ ತಿಳಿದಿರಲಿಲ್ಲ. ತಮಗೆ ನಾನೇ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. "ನಿಯಮ ಎಲ್ಲರಿಗೂ ಒಂದೇ" ಎಂದಿರಿ. ಸೆರೆಶಿಬಿರದ ಕಾವಲುಗಾರರೂ ಆ ಕೈಯನ್ನು ತೆಗೆಸಿರಲಿಲ್ಲವೆಂದು ಆರ್ಚಿ ಹೇಳುತ್ತಿದ್ದ. ತಾವು ತೆಗೆಸಿದಿರಿ.

ಆರ್ಚಿ ಸತ್ತ ದಿನ ನಾನು ಹೊರಗೆ ಬಂದು ಲೆನ್‌ಗೆ ಸುದ್ದಿ ಹೇಳಿದೆ. ಅವನು ಎದ್ದು ಟೋಪಿ ತೆಗೆದ. ತನ್ನ ಬಲಗೈಯನ್ನೇ ಒಮ್ಮೆ ನೋಡಿಕೊಂಡ. ಆಮೇಲೆ ಬಸ್ಸಿಗೆ ಕಾದಿದ್ದವರ ನಡುವೆ ನಿಂತು, "ಆರ್ಚಿ ಪೆನ್‌ರೋಸ್, ಹಾರ್ಶಮ್!" ಎಂದು ಕೂಗಿದ. ಜನ ಕುಡುಕನೆಂದು ದೂರ ಸರಿದರು. "ಕೇಳಿಸ್ತು" ಎಂದು ನಾನೊಬ್ಬಳೇ ಹೇಳಿದೆ.

ಈಗ ಲೆನ್‌ನ ಸರದಿ. ಹೆಂಡತಿ ಮಕ್ಕಳಿಲ್ಲ, ಇದ್ದೊಬ್ಬ ತಂಗಿಯೂ ತೀರಿಕೊಂಡಳು. ನಾನು ಹೋದರೆ ತಮ್ಮ ಗುಮಾಸ್ತರು ಅದೇ ಪ್ರಶ್ನೆ ಕೇಳುತ್ತಾರೆ, "ನೀವೇನಾಗ್ಬೇಕು?" ನನ್ನ ಗಂಡನ ಎದೆ ಕಾಯ್ದವನಿಗೆ ನಾನೇನಾಗಬೇಕು? ಆ ಸಂಬಂಧಕ್ಕೆ ಹೆಸರಿದ್ದರೆ ತಾವೇ ತಿಳಿಸಿ, ಅದನ್ನೇ ಹೇಳುತ್ತೇನೆ.

ಸವಲತ್ತು ಬೇಡ, ಭಾಷಣವೂ ಬೇಡ. ಅವನ ಮಂಚದ ಪಕ್ಕ ಒಂದು ಕುರ್ಚಿ ಹಾಕಿಸಿ, ನನ್ನನ್ನು ಅದರ ಮೇಲೆ ಕೂರಲು ಬಿಡಿ. ಕೈ ಎಲ್ಲಿ ಇಡಬೇಕೆಂದು ನನಗೆ ಗೊತ್ತು. ಆ ಗಳಿಗೆ ಬಂದಾಗ ಅವನ ಹೆಸರನ್ನೂ ಊರನ್ನೂ ತಮ್ಮ ಕೋಣೆಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಆಗ ಚಹಾದ ಲೋಟ ಕೆಳಗಿಟ್ಟು ತಾವು 'ಕೇಳಿಸ್ತು' ಎಂದರೆ ಸಾಕು.

ಇಂತಿ,
ತಮ್ಮ ನಿಯಮದ ಪ್ರಕಾರ ಲೆನ್ ಹಾಸ್ಕಿನ್‌ಗೆ ಏನೂ ಆಗಬೇಕಿಲ್ಲದ
ಡಲ್ಸಿ ಪೆನ್‌ರೋಸ್
ತಮ್ಮ ಗೇಟಿನ ಹೊರಗಿನ ಬೆಂಚಿನಿಂದ